ಮನೆಯಲ್ಲೇ ಭಾನುವಾರದ ಸಭೆ, ಎರಡು ಚಿಕ್ಕ ಮಕ್ಕಳು, ಮೇಲೆ ಪ್ರೈಮರಿ ಪಾಠ: ದಾವಣಗೆರೆಯಲ್ಲಿ ಹೇಗೆ ಹೊಂದಿಸೋದು?

ನಿಟ್ಟುವಳ್ಳಿ ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಕಡೇ ದಿನಗಳ ಸಂತರ ಚರ್ಚಿನವರು (ಮಾರ್ಮನ್ ಅಂತಾರಲ್ಲ, ಅದೇ). ಯಜಮಾನರಿಗೆ ವರ್ಗ ಆಗಿ ಬೆಂಗಳೂರು ಬಿಟ್ಟು ದಾವಣಗೆರೆಗೆ ಬಂದಿದ್ದೇವೆ. ಮಗನಿಗೆ 4 ವರ್ಷ, ಮಗಳಿಗೆ 10 ತಿಂಗಳು, ಇನ್ನೂ ಎದೆಹಾಲು ಕುಡೀತಾಳೆ. ಅತ್ತೆ ನಮ್ಮ ಜೊತೆ ಇದ್ದಾರೆ, ಅವರು ನಮ್ಮ ಚರ್ಚಿನವರಲ್ಲ, ಆದರೆ ವಿರೋಧವೂ ಇಲ್ಲ. ಪ್ರತಿ ವಾರ 260 ಕಿಲೋಮೀಟರ್ ಹೋಗಿ ಬರೋದು ಆಗದ ಮಾತು. ಹಾಗಾಗಿ ಮನೆಯಲ್ಲೇ ಸ್ಯಾಕ್ರಮೆಂಟ್ (ಬ್ರೆಡ್ಡು, ನೀರಿನ ಪ್ರಭುಭೋಜನ) ಮಾಡಿಕೊಳ್ಳಲು ಬಿಷಪ್ ಅನುಮತಿ ಕೊಟ್ಟಿದ್ದಾರೆ. ಚಿತ್ರದುರ್ಗದಿಂದ ಇನ್ನೊಂದು ಕುಟುಂಬ ಬರುತ್ತೆ. ಅವರಿಗೆ 7 ವರ್ಷದ ಮಗಳು, 5 ವರ್ಷದ ಮಗ. ಪ್ರೈಮರಿ, ಅಂದರೆ ಭಾನುವಾರದ ಮಕ್ಕಳ ಪಾಠ, ನಾನು ನೋಡಿಕೊಳ್ಳಬೇಕು.

ನನ್ನ ಪ್ರಶ್ನೆಗಳು ಇಷ್ಟು. ಸಭೆಯನ್ನು ಎಷ್ಟು ಹೊತ್ತು, ಯಾವ ಕ್ರಮದಲ್ಲಿ ಮಾಡಿದರೆ ಮಕ್ಕಳು ತಡೀತಾರೆ? ಮೂರು ವಯಸ್ಸಿನ ಮಕ್ಕಳಿಗೆ ಒಂದೇ ಪಾಠ ಹೇಗೆ? ಹಾಲುಣಿಸುವಾಗ ಫಾಸ್ಟ್ ಸಂಡೇ (ಉಪವಾಸದ ಭಾನುವಾರ) ಏನು ಮಾಡಬೇಕು? ನಾವು ಟೀ ಕುಡಿಯಲ್ಲ, ಮನೆಗೆ ಬಂದವರಿಗೆ ಟೀ ಕೊಡೋ ವಿಷಯದಲ್ಲಿ ಅತ್ತೆಗೆ ನೋವಾಗದ ಹಾಗೆ ಹೇಗೆ ನಡೆದುಕೊಳ್ಳೋದು? ಆಮೇಲೆ ಸೋಮವಾರದ ಹೋಮ್ ಈವ್ನಿಂಗ್ (ಮನೆಮಂದಿ ಸೇರಿ ಹಾಡು, ಪ್ರಾರ್ಥನೆ, ಪಾಠ): ಯಜಮಾನರು ಮನೆ ಸೇರೋದೇ ರಾತ್ರಿ 9ಕ್ಕೆ, ಅಷ್ಟೊತ್ತಿಗೆ ಮಗ ಮಲಗಿರ್ತಾನೆ.

ದಯವಿಟ್ಟು "ಎಲ್ಲ ಸರಿಹೋಗುತ್ತೆ, ಪ್ರಾರ್ಥನೆ ಮಾಡಿ" ಅಂತಷ್ಟೇ ಹೇಳಬೇಡಿ. ಪ್ರಾರ್ಥನೆ ಮಾಡ್ತಿದ್ದೀನಿ. ಗಂಟೆ, ನಿಮಿಷದ ಲೆಕ್ಕದಲ್ಲಿ ಹೇಳಿ.

ಹಳೇ ಪ್ರೈಮರಿ ಟೀಚರ್

ಸಿಸ್ಟರ್, ಮೊದಲು ಒಂದು ತಪ್ಪು ಕಲ್ಪನೆ ಬಿಡಿ. 2019ರ ಜನವರಿಯಿಂದ ವಾರ್ಡುಗಳಲ್ಲಿ (ಒಬ್ಬ ಬಿಷಪ್ ನೋಡಿಕೊಳ್ಳುವ ಸ್ಥಳೀಯ ಸಭೆಗಳಲ್ಲಿ) ಭಾನುವಾರದ ಸಭೆ ಒಟ್ಟು ಎರಡು ಗಂಟೆ, ಅದರಲ್ಲಿ ಸ್ಯಾಕ್ರಮೆಂಟ್ ಸಭೆ 60 ನಿಮಿಷ. ಆ ಲೆಕ್ಕ ಭಾಷಣಕಾರರು, ಹಾಡುಗಾರರು, ನೂರಾರು ಜನ ಇರುವ ಕಡೆಗೆ. ಎರಡು ಕುಟುಂಬ ಕೂತಾಗ ಅದನ್ನು 60 ನಿಮಿಷಕ್ಕೆ ಎಳೆಯಲೇಬೇಕೆಂದಿಲ್ಲ. ಹಾಡು, ಪ್ರಾರ್ಥನೆ, ಸ್ಯಾಕ್ರಮೆಂಟ್, ಒಬ್ಬರೋ ಇಬ್ಬರೋ ತಮ್ಮ ನಂಬಿಕೆಯ ಸಾಕ್ಷಿ ಹೇಳೋದು ಇಲ್ಲವೇ ಒಂದು ಅಧ್ಯಾಯದ ಕೆಲವು ವಚನ, ಮತ್ತೆ ಹಾಡು, ಪ್ರಾರ್ಥನೆ. 30ರಿಂದ 35 ನಿಮಿಷ ಧಾರಾಳವಾಯ್ತು. ಸ್ಯಾಕ್ರಮೆಂಟನ್ನು ಮೊದಲ 12 ನಿಮಿಷದೊಳಗೆ ಮುಗಿಸಿ. 4 ವರ್ಷದ ಹುಡುಗನ ತಾಳ್ಮೆ ಇರೋದೇ ಅಷ್ಟು. ಮುಖ್ಯವಾದದ್ದು ಆ ಹೊತ್ತಿನಲ್ಲಿ ಆಗಿಹೋಗಲಿ.

ಸಮಯ 10:30 ಇಡಿ. ದುರ್ಗದಿಂದ 60 ಕಿಲೋಮೀಟರ್, ಹೈವೇ 48ರಲ್ಲಿ ಬಸ್ಸಿಗೆ ಒಂದು ಗಂಟೆ ಮೇಲಾಗುತ್ತೆ. ಬಸ್ ಸ್ಟ್ಯಾಂಡಿಂದ ನಿಮ್ಮನೆಗೆ ಆಟೋ ಹೊತ್ತೂ ಸೇರಿಸಿಕೊಳ್ಳಿ. ಇನ್ನೊಂದು, ನಿಮ್ಮ ಬೀದಿಗೆ ನಲ್ಲಿ ನೀರು ಬಿಡುವ ದಿನ ಭಾನುವಾರವೇ ಬಿದ್ದರೆ ಸಭೆ ಹೊತ್ತಿಗೆ ಮೋಟರು, ಡ್ರಮ್ಮು, ಅತ್ತೆಯ ಓಡಾಟ ಎಲ್ಲ ಶುರುವಾಗುತ್ತೆ. ಆ ವಾರ ಅರ್ಧ ಗಂಟೆ ಆಚೀಚೆ ಮಾಡಿ, ದುರ್ಗದವರಿಗೆ ಶನಿವಾರವೇ ತಿಳಿಸಿ.

ಬ್ರೆಡ್ಡು, ನೀರು. ಭಾನುವಾರ ಅಂಗಡಿಗೆ ಹೋಗಬಾರದು ಅಂದುಕೊಂಡವರು ಶನಿವಾರ ಸಂಜೆಯೇ ಬೇಕರಿ ಬ್ರೆಡ್ ತರಬೇಕು, ಹಾಲಿನ ಪ್ಯಾಕೆಟ್ಟೂ ಒಂದು ಹೆಚ್ಚಿಗೆ. ಸಿಹಿ ಬನ್ ಬೇಡ: ಇರುವೆ ಬರುತ್ತೆ, ಮಕ್ಕಳು ಇನ್ನೊಂದು ತುಂಡು ಕೇಳ್ತಾರೆ. ಸಾದಾ ಬ್ರೆಡ್ ನಾಲ್ಕು ಹೋಳು ಎರಡು ಮನೆಗೆ ಹೆಚ್ಚೇ. ಮೊದಲೇ ತುಂಡು ಮಾಡಿಟ್ಟರೆ ಫ್ಯಾನ್ ಗಾಳಿಗೆ ಹತ್ತು ನಿಮಿಷದಲ್ಲಿ ಅಂಚು ಗಟ್ಟಿಯಾಗಿ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಹಾಡು ನಡೆಯುವಾಗ ಮುರಿಯೋದೇ ಪದ್ಧತಿ, ಅದೇ ಒಳ್ಳೇದೂ ಹೌದು. ನೀರು ಕಾಯಿಸಿ ಆರಿಸಿದ್ದು ಇರಲಿ. ಕಾಗದದ ಸಣ್ಣ ಲೋಟವಾದರೆ ಅರ್ಧ ಮಾತ್ರ ತುಂಬಿ, ಸಭೆಗೆ ಐದು ನಿಮಿಷ ಮುಂಚೆ; ಹೆಚ್ಚು ಹೊತ್ತು ಬಿಟ್ಟರೆ ತಳ ಮೆತ್ತಗಾಗಿ ಬಟ್ಟೆ ಒದ್ದೆಯಾಗುತ್ತೆ. ಟೇಬಲ್ ಮೇಲೊಂದು ಬಿಳಿ ಬಟ್ಟೆ, ಮೇಲೆ ಮುಚ್ಚಲು ಇನ್ನೊಂದು. ಮುಚ್ಚುವ ಬಟ್ಟೆ ತೆಳು ಮಲ್ಲಾದರೆ ಫ್ಯಾನಿಗೆ ಹಾರುತ್ತೆ, ಸ್ವಲ್ಪ ತೂಕದ ಹತ್ತಿ ಬಟ್ಟೆ ಹೊಲಿಸಿಕೊಳ್ಳಿ.

ಪ್ರಾರ್ಥನೆ ಹೇಳುವವರು ಪ್ರೀಸ್ಟ್ (ಮೊದಲ ಹಂತದ ಯಾಜಕತ್ವದ ಒಂದು ಹುದ್ದೆ) ಆಗಿರಬೇಕು ಅಥವಾ ಮೇಲಿನ ಹಂತದ ಮೆಲ್ಕಿಜೆಡೆಕ್ ಯಾಜಕತ್ವ ಇರಬೇಕು. ನಮ್ಮ ಧರ್ಮಗ್ರಂಥ ಡಾಕ್ಟ್ರಿನ್ ಅಂಡ್ ಕವನೆಂಟ್ಸ್ 20ನೇ ಸೆಕ್ಷನ್ನಿನ 77 ಮತ್ತು 79ನೇ ವಚನ, ಪದ ಪದ ಹಾಗೇ ಓದಬೇಕು. ಎರಡನೆಯದರಲ್ಲಿ ದ್ರಾಕ್ಷಾರಸ ಅಂತಿರುವ ಕಡೆ ನೀರು ಅನ್ನಬೇಕು. ಎಡವುವುದು ಸಾಮಾನ್ಯವಾಗಿ ಇಲ್ಲೇ. ತಪ್ಪಿದರೆ ಗಾಬರಿ ಬೇಡ, ಮತ್ತೊಮ್ಮೆ ಸರಿಯಾಗಿ ಓದಿದರಾಯ್ತು. ದೊಡ್ಡಕ್ಷರದಲ್ಲಿ ಬರೆದು ರಟ್ಟಿಗೆ ಅಂಟಿಸಿಟ್ಟುಕೊಳ್ಳಿ. ಮೊಬೈಲ್ ನೋಡಿ ಓದುವಾಗ ನಡುವೆ ಕರೆ ಬಂದರೆ ಎಲ್ಲ ಕೆಡುತ್ತೆ.

ಮಗಳಿಗೆ 10:10ಕ್ಕೆ ಹಾಲು ಕೊಟ್ಟುಬಿಡಿ. 10:30ಕ್ಕೆ ಕೊಡೋಣ ಅಂತ ಕೂತರೆ ಸರಿಯಾಗಿ ಪ್ರಾರ್ಥನೆ ಹೊತ್ತಿಗೆ ಅಳು. ಮಗನಿಗೊಂದು ಬಟ್ಟೆ ಚೀಲ ಮಾಡಿ, ಅದು ಭಾನುವಾರ ಮಾತ್ರ ಕಪಾಟಿಂದ ಹೊರಗೆ ಬರಬೇಕು. ಪ್ರತಿದಿನ ಕೈಗೆ ಸಿಕ್ಕಿದರೆ ಎರಡನೇ ವಾರಕ್ಕೇ ಬೇಜಾರು. ಒಳಗೆ ಬಟ್ಟೆ ಪುಸ್ತಕ, ನಾಲ್ಕು ಬಣ್ಣದ ಪೆನ್ಸಿಲ್ (ಮೇಣದ ಬಣ್ಣ ಬೇಸಿಗೆಯಲ್ಲಿ ಕರಗಿ ಚೀಲಕ್ಕೆ ಅಂಟುತ್ತೆ), ಖಾಲಿ ಹಾಳೆ, ಒಣದ್ರಾಕ್ಷಿ ಹತ್ತು. ಮಂಡಕ್ಕಿ ಮಾತ್ರ ಹಾಕಬೇಡಿ. ದಾವಣಗೆರೆಯಲ್ಲಿ ಹೀಗಂದರೆ ಹೊಡೀತಾರೆ, ಆದರೂ ಹೇಳ್ತೀನಿ: ಒಂದು ಹಿಡಿ ಮಂಡಕ್ಕಿ ಚೆಲ್ಲಿದರೆ ಸೋಫಾ ಸಂದಿಯಲ್ಲಿ ವಾರವಿಡೀ ಸಿಗುತ್ತೆ.

ಈಗ ಪ್ರೈಮರಿ. ವಾರ್ಡಿನಲ್ಲಿ ಅದರ ಲೆಕ್ಕ ಹೀಗೆ: ಆರಂಭ 5 ನಿಮಿಷ, ಹಾಡು 20, ತರಗತಿಗೆ ಹೋಗಲು 5, ಪಾಠ 20. ನಿಮಗೆ ಮೂರೇ ಮಕ್ಕಳು, ಒಂದೇ ಕೋಣೆ. ಹಾಡು 12, ಪಾಠ 15 ಮಾಡಿದರೂ ಏನೂ ಕೊರೆಯಾಗಲ್ಲ. 18 ತಿಂಗಳು ತುಂಬೋವರೆಗೆ ಮಗಳು ನರ್ಸರಿ (ಚರ್ಚಿನಲ್ಲಿ ಪುಟ್ಟ ಮಕ್ಕಳ ತರಗತಿ) ಲೆಕ್ಕಕ್ಕೇ ಬರಲ್ಲ, ಆಕೆ ನಿಮ್ಮ ಮಡಿಲಲ್ಲೋ ಯಜಮಾನರ ಹೆಗಲ ಮೇಲೋ ಇರಲಿ.

ಪಾಠದಲ್ಲಿ ಒಂದು ಕಥೆ, ಒಂದು ಚಿತ್ರ, ಕೈಗೊಂದು ಕೆಲಸ. ಇದಕ್ಕಿಂತ ಹೆಚ್ಚು ತಯಾರಿ ಮಾಡಿದರೆ ಅದು ಟೀಚರಿನ ಖುಷಿಗೆ, ಮಕ್ಕಳಿಗಲ್ಲ. ದಾವೀದ, ಗೊಲ್ಯಾತರ ಕಥೆ ತಗೊಳ್ಳಿ, 1 ಸಮುವೇಲ 17. ನಿಮ್ಮ ಮಗ ಹಳೇ ಪೇಪರ್ ಉಂಡೆ ಕಟ್ಟಿ ಐದು ಕಲ್ಲು ಮಾಡಲಿ (40ನೇ ವಚನದಲ್ಲಿ ಐದೇ). 5 ವರ್ಷದವನು ಗೋಡೆ ಮೇಲೆ ಗೊಲ್ಯಾತನ ಎತ್ತರಕ್ಕೆ ಚಾಕ್‌ಪೀಸಿಂದ ಗೆರೆ ಎಳೆಯಲಿ, ಕೈ ಸಿಗದಿದ್ದರೆ ಅಪ್ಪ ಎತ್ತಿಕೊಳ್ಳಲಿ. 7 ವರ್ಷದವಳು ಸತ್ಯವೇದ ತೆರೆದು 45ನೇ ವಚನವನ್ನು ತಾನೇ ಓದಲಿ. ಒಂದೇ ಕಥೆ, ಆದರೆ ಪ್ರತಿಯೊಬ್ಬರ ಕೈಗೂ ಅವರವರ ವಯಸ್ಸಿನ ಕೆಲಸ. ದುರ್ಗದ ಮಕ್ಕಳು ನಡುವೆ ಒನಕೆ ಓಬವ್ವನ ಕಥೆ ತೆಗೆದೇ ತೆಗೀತಾರೆ. ತಡೆಯಬೇಡಿ, ಒಂದು ನಿಮಿಷ ಹೇಳಲಿ, ಆಮೇಲೆ "ದಾವೀದನಿಗೆ ಧೈರ್ಯ ಎಲ್ಲಿಂದ ಬಂತು?" ಅಂತ ಕೇಳಿ, ದಾರಿಗೆ ಬರ್ತಾರೆ.

ಕೊನೆಗೊಂದು ನಿಯಮ, ಮನೆ ಅಂತ ಸಡಿಲ ಬಿಡಬೇಡಿ. ಮಕ್ಕಳ ತರಗತಿಯಲ್ಲಿ ಜವಾಬ್ದಾರಿ ಇರುವ ದೊಡ್ಡವರು ಕನಿಷ್ಠ ಇಬ್ಬರಿರಬೇಕು: ಇಬ್ಬರು ಹೆಂಗಸರು, ಇಬ್ಬರು ಗಂಡಸರು, ಅಥವಾ ಗಂಡ ಹೆಂಡತಿ. ದುರ್ಗದ ಸಿಸ್ಟರನ್ನು ಜೊತೆಗೆ ಕೂರಿಸಿಕೊಳ್ಳಿ. ಮಕ್ಕಳ ರಕ್ಷಣೆಯ ಆನ್‌ಲೈನ್ ತರಬೇತಿಯನ್ನು ಕಾಲಿಂಗ್ (ಚರ್ಚಿನ ಜವಾಬ್ದಾರಿ) ಸಿಕ್ಕ ಒಂದು ತಿಂಗಳೊಳಗೆ ಮುಗಿಸಬೇಕು, ಮೂರು ವರ್ಷಕ್ಕೊಮ್ಮೆ ಮತ್ತೆ. ನೀವೂ ಮಾಡಿ, ಅವರಿಂದಲೂ ಮಾಡಿಸಿ.

ದುರ್ಗದಕ್ಕ

ಮೇಲಿನವರು ಸಭೆ ಬಗ್ಗೆ ಹೇಳಿದ್ದು ಸಾಕು, ನಾನು ಅಡುಗೆಮನೆ ಕಡೆ ಬರ್ತೀನಿ ತಂಗಿ.

ಫಾಸ್ಟ್ ಸಂಡೇ: ತಿಂಗಳ ಮೊದಲ ಭಾನುವಾರ, ಸುಮಾರು 24 ಗಂಟೆ, ಒಂದರ ಹಿಂದೊಂದು ಎರಡು ಊಟ ಬಿಡೋದು, ನೀರೂ ಇಲ್ಲದೆ. ಆದರೆ ಇದು ಆರೋಗ್ಯ ಗಟ್ಟಿ ಇದ್ದವರಿಗೆ. ಬಸುರಿ, ಹಾಲುಣಿಸುವ ತಾಯಿ, ಸಕ್ಕರೆ ಕಾಯಿಲೆಯವರು, ಚಿಕ್ಕ ಮಕ್ಕಳು ಮಾಡಬೇಕು ಅಂತ ಯಾರೂ ಕೇಳೋದಿಲ್ಲ. "ಒಂದೊತ್ತು ಮಾತ್ರ ಬಿಡ್ತೀನಿ" ಅಂತ ಹಟ ಹಿಡಿಯೋರಿದ್ದಾರೆ. ಬೇಸಿಗೆ ದಾವಣಗೆರೆಯಲ್ಲಿ, ನೀರು ಕುಡಿಯದೆ, ಹಾಲು ಕುಡಿಯೋ ಕೂಸಿಟ್ಟುಕೊಂಡು ಬೇಡ. ಮಧ್ಯಾಹ್ನಕ್ಕೆ ತಲೆನೋವು, ಮಗು ರೇಗುತ್ತೆ, ಸಂಜೆ ಮನೆಯವರ ಮೇಲೆ ನಿಮ್ಮ ರೇಗಾಟ. ಊಟ ಬಿಡದೆಯೂ ಆ ದಿನವನ್ನು ಆಚರಿಸಬಹುದು: ಶನಿವಾರ ರಾತ್ರಿ ಯಜಮಾನರು ಉಪವಾಸ ಶುರು ಮಾಡುವ ಪ್ರಾರ್ಥನೆಯಲ್ಲಿ ನೀವೂ ಕೂತು ಯಾವ ಕಾರಣಕ್ಕೆ ಉಪವಾಸ ಅಂತ ಸೇರಿ ಹೇಳಿ. ಫಾಸ್ಟ್ ಆಫರಿಂಗ್ (ಉಪವಾಸದ ಕಾಣಿಕೆ) ಎರಡು ಊಟದ ಬೆಲೆಗೆ ಕಡಿಮೆ ಇರಬಾರದು, ಸಾಧ್ಯವಿದ್ದವರು ಹೆಚ್ಚೇ ಕೊಡ್ತಾರೆ. ಅದು ಹೋಗೋದು ಕಷ್ಟದಲ್ಲಿರುವವರಿಗೆ. ಹಣ ಕಳಿಸೋ ದಾರಿ ನಿಮ್ಮ ವಾರ್ಡ್ ಕ್ಲರ್ಕ್ (ಲೆಕ್ಕ, ದಾಖಲೆ ನೋಡುವವರು) ಹೇಳಿದ್ದೇ ಇರಲಿ, ದಶಾಂಶದ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆಯ) ಜೊತೆ ಕಲಸಿ ಕಳಿಸಬೇಡಿ, ಯಾವುದಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆಯಿರಿ.

ಅತ್ತೆ ವಿಷಯದಲ್ಲಿ ತೊಡಕಾಗೋದು ಎಲ್ಲಿ ಗೊತ್ತಾ? ನಮ್ಮ ಕಡೆ ಉಪವಾಸ ಅಂದರೆ ಅನ್ನ ಬಿಟ್ಟು ಅವಲಕ್ಕಿ, ಹಣ್ಣು, ಸಾಬಕ್ಕಿ, ಹಾಲು. ತಮ್ಮ ಮಗ ಉಪವಾಸ ಅಂತ ಕೇಳಿದ ತಕ್ಷಣ ಅತ್ತೆ ಅವಲಕ್ಕಿ ಒಗ್ಗರಣೆ ಹಾಕಿ ತಟ್ಟೆಗಿಡ್ತಾರೆ. ಬೇಡ ಅಂದರೆ ನೊಂದ್ಕೋತಾರೆ. ಹಿಂದಿನ ದಿನವೇ ಹೇಳಿ: "ಅತ್ತೆ, ನಾಳೆ ಇವರಿಗೆ ನೀರೂ ಇಲ್ಲ, ಸಂಜೆ ಆರಕ್ಕೆ ಬಿಡ್ತಾರೆ. ಆಗ ಮೊದಲ ತುತ್ತು ನಿಮ್ಮ ಕೈದೇ ಆಗಲಿ, ಏನು ಮಾಡ್ತೀರಿ?" ಉಪವಾಸ ಬಿಡೋ ಅಡುಗೆ ಅವರ ಪಾಲಿಗಿರಲಿ. ಹೊಟ್ಟೆ ಖಾಲಿ ಇರುತ್ತೆ, ಮಿರ್ಚಿ ಬಜ್ಜಿ ಬೇಡ. ಮೊದಲು ನೀರು, ಮಜ್ಜಿಗೆ, ಹತ್ತು ನಿಮಿಷ ಬಿಟ್ಟು ಮೆತ್ತಗಿನ ಅನ್ನ ಸಾರು.

ಟೀ. ಕಾಫಿ, ಟೀ, ಮದ್ಯ, ತಂಬಾಕು ಬೇಡ ಅನ್ನೋದು 1833ರಲ್ಲಿ ಕೊಟ್ಟ ಜ್ಞಾನದ ಮಾತು, ಸೆಕ್ಷನ್ 89. ಅದು ನೀವು ಏನು ಸೇವಿಸ್ತೀರಿ ಅನ್ನೋದರ ಬಗ್ಗೆ. ಅತ್ತೆಗೆ, ಬಂದ ನೆಂಟರಿಗೆ ಕಾಸಿಕೊಡಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ಕೊಡೋದು ಬಿಡೋದು ನೀವು ಗಂಡ ಹೆಂಡತಿ ಕೂತು ಮಾಡೋ ತೀರ್ಮಾನ. ನನ್ನ ಅಭಿಪ್ರಾಯ ಕೇಳಿದರೆ, ಅತ್ತೆಯ ಟೀಪುಡಿ ಡಬ್ಬಿ ಅವರ ಕೈಗೆಟುಕೋ ಕಡೆ ಹಾಗೇ ಇರಲಿ. ಸೊಸೆ ಬಂದಮೇಲೆ ಮನೆಗೆ ಬಂದವರಿಗೆ ಒಂದು ಲೋಟ ಟೀಗೂ ಗತಿಯಿಲ್ಲ ಅನ್ನೋ ಮಾತು ಒಮ್ಮೆ ಎದ್ದರೆ, ಆಮೇಲೆ ನೀವು ಎಷ್ಟು ಒಳ್ಳೆಯವರಾದರೂ ಅದು ಹೋಗಲ್ಲ.

ನಿಮಗೂ ಕೈಯಲ್ಲಿ ಬಿಸಿ ಲೋಟ ಇದ್ದರೆ ಯಾರೂ ಕೇಳೋದೇ ಇಲ್ಲ. ಕಷಾಯ ಪುಡಿ ಮಾಡಿಟ್ಟುಕೊಳ್ಳಿ: ಧನಿಯಾ 100 ಗ್ರಾಂ, ಜೀರಿಗೆ 50 ಗ್ರಾಂ, ಕಾಳುಮೆಣಸು 10 ಗ್ರಾಂ, ಒಣಶುಂಠಿ 10 ಗ್ರಾಂ, ಮೆಂತ್ಯ ಅರ್ಧ ಚಮಚ, ಏಲಕ್ಕಿ ಐದಾರು. ಒಂದೊಂದನ್ನೇ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರೀರಿ. ಎಲ್ಲ ಒಟ್ಟಿಗೆ ಹಾಕಿದರೆ ಧನಿಯಾ ಹಸಿ ಇರುವಾಗಲೇ ಜೀರಿಗೆ ಸೀಯುತ್ತೆ. ಒಣಶುಂಠಿ ಜಜ್ಜಿ ಹಾಕಿ, ಇಲ್ಲಾಂದರೆ ಮಿಕ್ಸಿ ಬ್ಲೇಡಿಗೆ ಪೆಟ್ಟು. ಅರ್ಧ ಲೋಟ ನೀರಿಗೆ ಒಂದು ಸಣ್ಣ ಚಮಚ ಪುಡಿ ಹಾಕಿ ಮೂರು ನಾಲ್ಕು ನಿಮಿಷ ಕುದಿಸಿ, ಅರ್ಧ ಲೋಟ ಬಿಸಿ ಹಾಲು ಸೇರಿಸಿ, ಒಲೆ ಆರಿಸಿದ ಮೇಲೆ ಬೆಲ್ಲ. ಕುದಿಯೋ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತೆ, ಬೆಲ್ಲದಲ್ಲಿ ಹುಳಿ ಅಂಶ ಇರುತ್ತಲ್ಲ. ಬಾದಾಮಿ ಹಾಲು, ರಾಗಿ ಮಾಲ್ಟು ಯಾವುದಕ್ಕೂ ಅಡ್ಡಿಯಿಲ್ಲ. ಆದರೆ ಗ್ರೀನ್ ಟೀ, ಲೆಮನ್ ಟೀ, ಐಸ್ ಟೀ ಎಲ್ಲವೂ ಟೀ ಎಲೆಯದೇ. ತುಳಸಿ ಅಂತ ದೊಡ್ಡದಾಗಿ ಬರೆದ ಪ್ಯಾಕೆಟ್ಟಿನಲ್ಲೂ ಹಿಂದೆ ತಿರುಗಿಸಿ ನೋಡಿದರೆ ಗ್ರೀನ್ ಟೀ ಬೆರೆಸಿರೋದುಂಟು. ಶುಂಠಿ ಕಾಫಿ ಅಂತ ಮಾರೋದರಲ್ಲಿ ಕಾಫಿಪುಡಿ ಇದೆಯಾ ಅಂತ ಕೇಳಿ ತಗೊಳ್ಳಿ.

ಹಬ್ಬದ ಹೋಳಿಗೆ, ಜಾತ್ರೆ ಊಟ ಇವೆಲ್ಲ ನೀವು ಕೇಳಿಲ್ಲ, ನಾನೂ ಹೋಗಲ್ಲ.

ನಿಟ್ಟುವಳ್ಳಿ ಸೊಸೆ

ಅಕ್ಕ, ಅವಲಕ್ಕಿ ವಿಷಯ ನಮ್ಮನೆ ಒಳಗೆ ನಿಂತು ನೋಡಿದ ಹಾಗೆ ಬರೆದಿದ್ದೀರಿ! ತುಂಬ ಉಪಕಾರ.

ಇನ್ನೊಂದು ಪ್ರಶ್ನೆ ಸೇರಿಸಬಹುದಾ? ದುರ್ಗದವರ ಮಗಳಿಗೆ ಬೇಸಿಗೆಯಲ್ಲಿ 8 ತುಂಬುತ್ತೆ. ದೀಕ್ಷಾಸ್ನಾನ ಇಲ್ಲೇ ಎಲ್ಲಾದರೂ ಮಾಡಬಹುದಾ, ಬೆಂಗಳೂರಿಗೇ ಹೋಗಬೇಕಾ? ಅವರಪ್ಪ ಭದ್ರಾ ಕಾಲುವೆ ಅಂತಿದ್ದಾರೆ. ಹೋಮ್ ಈವ್ನಿಂಗ್ ಬಗ್ಗೆಯೂ ಯಾರಾದರೂ ಹೇಳಿ.

ಕ್ಲರ್ಕ್ ಕುರ್ಚಿ

ಕಾಲುವೆ ಬೇಡ. ಹರಿಯೋ ಕಾಲುವೆಯಲ್ಲಿ ಸೆಳೆತ ಮೇಲೆ ಕಾಣಲ್ಲ, ಸಿಮೆಂಟ್ ಇಳಿಜಾರಿನ ಪಾಚಿ ಮೇಲೆ ಕಾಲು ನಿಲ್ಲಲ್ಲ, ಒಬ್ಬರು ಜಾರಿದರೆ ಹಿಡಿಯಲು ಹೋದವರೂ ಹೋಗ್ತಾರೆ. ಮುಳುಗಿಸಿ ದೀಕ್ಷಾಸ್ನಾನ ಮಾಡಲು ಚರ್ಚ್ ಕಟ್ಟಡದ ತೊಟ್ಟಿಯೇ ಆಗಬೇಕೆಂದಿಲ್ಲ, ಸುರಕ್ಷಿತವಾದ ಬೇರೆ ನೀರೂ ಆಗುತ್ತೆ, ಆದರೆ ಬಿಷಪ್ ಒಪ್ಪಬೇಕು. ಈಜುಕೊಳ ಬಾಡಿಗೆಗೆ ಸಿಕ್ಕರೆ ಬೆಳಗಿನ ಜಾವ, ಬೇರೆ ಜನ ಇಲ್ಲದ ಒಂದು ಗಂಟೆ ಕೇಳಿ. ಮಗುವಿನ ಸೊಂಟದಿಂದ ಎದೆಯ ನಡುವಿನ ಆಳ ಸಾಕು. ಆದರೂ ಬೆಂಗಳೂರಿಗೆ ಹೋಗುವುದೇ ನನಗೆ ಸರಿ ಕಾಣೋದು. ಆ ಮಗುವಿಗೆ ತನ್ನ ವಾರ್ಡಿನ ಜನರ ಮುಖ ನೋಡೋ ಅವಕಾಶ ಅದೊಂದೇ. ಸ್ಟೇಕ್ ಕಾನ್ಫರೆನ್ಸ್ (ಹಲವು ವಾರ್ಡು ಸೇರುವ ಸಮ್ಮೇಳನ) ವರ್ಷಕ್ಕೆರಡು ಬಾರಿ ಇರುತ್ತೆ. ಆ ವಾರಾಂತ್ಯಕ್ಕೆ ಹೊಂದಿಸಿದರೆ ಒಂದೇ ಪ್ರಯಾಣದಲ್ಲಿ ಎರಡೂ ಮುಗಿಯುತ್ತೆ. ದುರ್ಗ ಬೆಂಗಳೂರಿಂದ 200 ಕಿಲೋಮೀಟರ್, ಅವರಿಗೆ ಬಸ್ಸೇ ಅನುಕೂಲ. ನೀವು ದಾವಣಗೆರೆಯಿಂದ ರೈಲಿಗೆ ಹೋಗಿ, ಕೂಸಿಗೆ ಹಾಲು ಕೊಡಲು, ಬಟ್ಟೆ ಬದಲಿಸಲು ಬಸ್ಸಿಗಿಂತ ವಾಸಿ.

ಮುಂಚಿತವಾಗಿ ಆಗಬೇಕಾದ್ದು: ಮಗು 8 ತುಂಬಿದ ಮೇಲೇ ದೀಕ್ಷಾಸ್ನಾನ, ಒಂದು ದಿನ ಮೊದಲೂ ಅಲ್ಲ. ಅದಕ್ಕೂ ಮುಂಚೆ ಬಿಷಪ್ ಅಥವಾ ಅವರು ನೇಮಿಸಿದ ಸಲಹೆಗಾರರು ಮಗುವನ್ನು ಮಾತಾಡಿಸ್ತಾರೆ. ಎರಡು ತಿಂಗಳು ಮೊದಲೇ ಫೋನ್ ಮಾಡಿ. ಆಗ ಕ್ಲರ್ಕ್ ಹತ್ತಿರ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಮಗುವಿನ ಹೆಸರು, ಹುಟ್ಟಿದ ದಿನಾಂಕ ಸದಸ್ಯತ್ವ ದಾಖಲೆಯಲ್ಲಿ ಇದೆಯಾ, ಜನನ ಪ್ರಮಾಣಪತ್ರದಲ್ಲಿದ್ದ ಹಾಗೇ ಇದೆಯಾ. ನಮ್ಮ ಕಡೆ ಇನಿಶಿಯಲ್ಲು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಊರ ಹೆಸರೇ ಸೇರಿರುತ್ತೆ. ದೀಕ್ಷಾಸ್ನಾನದ ದಿನ ಬರೆದದ್ದೇ ಮುಂದಕ್ಕೂ ನಡೆಯೋದು, ಆಗಲೇ ಸರಿಮಾಡಿದರೆ ತಲೆನೋವಿಲ್ಲ. ನಿಮ್ಮ ಎರಡೂ ಮನೆಗಳ ಹೊಸ ವಿಳಾಸ ದಾಖಲೆಗೆ ಸೇರಿದೆಯಾ ಅಂತಲೂ ನೋಡಿ. ವಿಳಾಸ ಬದಲಾದಾಗ ದಾಖಲೆ ಬೇರೆ ಘಟಕಕ್ಕೆ ಹೋಗಬಹುದು. ಹೋಗಿದ್ದರೆ ಅನುಮತಿ ಕೇಳಬೇಕಾದ ಬಿಷಪ್ಪೋ ಬ್ರಾಂಚ್ (ಚಿಕ್ಕ ಸಭೆಯ) ಪ್ರೆಸಿಡೆಂಟೋ ಬೇರೆಯವರೇ ಆಗ್ತಾರೆ.

ಆ ದಿನಕ್ಕೆ: ದೀಕ್ಷಾಸ್ನಾನ ಕೊಡುವವರು ಪ್ರೀಸ್ಟ್ ಅಥವಾ ಮೆಲ್ಕಿಜೆಡೆಕ್ ಯಾಜಕತ್ವದವರು, ಅಪ್ಪನೇ ಆಗಬಹುದು. ಇಬ್ಬರು ಸಾಕ್ಷಿ ಬೇಕು. 2019ರ ಅಕ್ಟೋಬರಿಂದ ನಿಯಮ ಬದಲಾಗಿದೆ: ದೀಕ್ಷಾಸ್ನಾನ ಆದ ಸದಸ್ಯರು ಯಾರಾದರೂ ಸಾಕ್ಷಿ ನಿಲ್ಲಬಹುದು, ಹೆಂಗಸರೂ. ಹಾಗಾಗಿ ನೀವೇ ನಿಲ್ಲಬಹುದು. ಸಾಕ್ಷಿಯ ಕೆಲಸ ಬರೀ ನಿಲ್ಲೋದಲ್ಲ: ಮಾತು ಸೆಕ್ಷನ್ 20ರ 73ನೇ ವಚನದಲ್ಲಿದ್ದಂತೆಯೇ ಬಂತಾ, ಮೈ, ಕೂದಲು, ಬಟ್ಟೆ ಪೂರ್ತಿ ಮುಳುಗಿತಾ ಅಂತ ನೋಡೋದು. ಯಾವುದಾದರೂ ತಪ್ಪಿದರೆ ಮತ್ತೆ ಮಾಡಬೇಕು. ಮತ್ತೆ ಮಾಡಬೇಕಾಗೋದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಹಿಂದಕ್ಕೆ ಬಗ್ಗಿಸುವಾಗ ಮಗು ಮಂಡಿ ಮಡಚದೆ ಗಟ್ಟಿಯಾಗಿ ನಿಂತರೆ ಕಾಲು ಮೇಲೇಳುತ್ತೆ, ಹೆಬ್ಬೆರಳು ಆಚೆ. ಬಿಟ್ಟ ಜಡೆ ತೇಲುತ್ತೆ. ಅಗಲದ ಲಂಗದೊಳಗೆ ಗಾಳಿ ತುಂಬಿ ಬುಗ್ಗೆಯಾಗುತ್ತೆ. ಅದಕ್ಕೆ ಬಿಗಿಯಾಗಿ ಒಂದೇ ಜಡೆ ಹೆಣೆದು ಸುತ್ತಿ ಕಟ್ಟಿ. ಬಿಳಿ ಪೈಜಾಮ, ಮೇಲೆ ದಪ್ಪ ಹತ್ತಿಯ ಅಸ್ತರಿ ಹಾಕಿದ ಕುರ್ತಾ ಹೊಲಿಸಿ. ತೆಳು ಬಿಳಿ ಬಟ್ಟೆ ನೆನೆದರೆ ಮೈ ಕಾಣುತ್ತೆ. ಮನೆಯಲ್ಲಿ ಚಾಪೆ ಮೇಲೆ ನಿಂತು ಅಪ್ಪ ಮಗಳು ನಾಲ್ಕೈದು ಸಲ ಅಭ್ಯಾಸ ಮಾಡಲಿ: ಒಂದು ಕೈ ಅಪ್ಪನ ಮಣಿಕಟ್ಟಿನ ಮೇಲೆ, ಇನ್ನೊಂದು ಕೈಯಿಂದ ಮೂಗು ಹಿಡಿದು, ಕುಳಿತುಕೊಳ್ಳೋ ಹಾಗೆ ಮಂಡಿ ಮಡಚೋದು. ಟವೆಲ್ ಎರಡು, ಒಳಬಟ್ಟೆ ಒಂದು ಜೊತೆ ಹೆಚ್ಚಿಗೆ. ಒಳಬಟ್ಟೆ ಮರೆಯೋದು ಎಲ್ಲರೂ ಮಾಡೋ ಕೆಲಸ.

ಇನ್ನೊಂದು ವಿಷಯ, ಕೇಳಿಲ್ಲವಾದರೂ. ಏಪ್ರಿಲ್, ಅಕ್ಟೋಬರ್ ಮೊದಲ ವಾರಾಂತ್ಯದ ಜನರಲ್ ಕಾನ್ಫರೆನ್ಸ್ (ಅಮೆರಿಕದಿಂದ ಪ್ರಸಾರವಾಗುವ ಇಡೀ ಚರ್ಚಿನ ಸಮ್ಮೇಳನ) ಬೆಳಗಿನ ಅಧಿವೇಶನ ನಮಗೆ ರಾತ್ರಿ 9:30ಕ್ಕೆ, ಮಧ್ಯಾಹ್ನದ್ದು ನಡುರಾತ್ರಿ 1:30ಕ್ಕೆ. ಚಿಕ್ಕ ಮಕ್ಕಳ ತಾಯಿ ಎದ್ದು ಕೂರೋದು ಬೇಡ. ಆಮೇಲೆ ಇಳಿಸಿಕೊಂಡು ದಿನಕ್ಕೊಂದು ಭಾಷಣ, ಅಡುಗೆ ಮಾಡುವಾಗ ಕೇಳಿ. ಆ ಭಾನುವಾರ ಸ್ಯಾಕ್ರಮೆಂಟ್ ಇದೆಯೋ ಇಲ್ಲವೋ ಅನ್ನೋದನ್ನು ಮಾತ್ರ ನಿಮ್ಮ ಬಿಷಪ್ ಹತ್ತಿರ ಮುಂಚೆಯೇ ಕೇಳಿಕೊಳ್ಳಿ, ದುರ್ಗದವರು ಸುಮ್ಮನೆ ಬಂದು ಹೋಗೋದು ತಪ್ಪುತ್ತೆ.

ಪಿ.ಬಿ. ರೋಡ್

ಹೋಮ್ ಈವ್ನಿಂಗ್ ಬಗ್ಗೆ ಯಾರೂ ಬರೆದಿಲ್ಲ, ನಾನೇ ಬರೀತೀನಿ ಮೇಡಂ.

1915ರಲ್ಲಿ ಶುರುವಾದಾಗ ಇಂಥದ್ದೇ ದಿನ ಅಂತ ಇರಲಿಲ್ಲ, ಸೋಮವಾರ ಅಂತ ಗಟ್ಟಿಯಾದದ್ದು 1970ರಲ್ಲಿ. ಈಗ ಮತ್ತೆ ಭಾನುವಾರವೋ ಬೇರೆ ದಿನವೋ ಕುಟುಂಬವೇ ಆರಿಸಿಕೊಳ್ಳಬಹುದು. ಯಜಮಾನರು 9ಕ್ಕೆ ಬರೋದಾದರೆ ಸೋಮವಾರಕ್ಕೆ ಜೋತುಬೀಳಬೇಡಿ. ಭಾನುವಾರ ಸಂಜೆ 6:30 ನಿಮಗೆ ಸರಿ. ಫಾಸ್ಟ್ ಸಂಡೇ ಇದ್ದ ವಾರ ಮಾತ್ರ ಉಪವಾಸ ಬಿಟ್ಟ ಮೇಲೆ, 7ಕ್ಕೆ. ಇಲ್ಲಾಂದರೆ ಹಸಿದ ಅಪ್ಪ ಪಾಠ ಮಾಡೋದು, ಮಗ ಕೇಳೋದು, ಎರಡೂ ಆಗಲ್ಲ.

15 ನಿಮಿಷ ಮೀರಬಾರದು, 4 ವರ್ಷದವನಿಗೆ ಅದೇ ಮೇಲ್ಮಿತಿ. ಹಾಡು ಆರಿಸೋದು ಅವನ ಕೆಲಸ, ಪ್ರಾರ್ಥನೆ ಹೇಳೋದು ಸರದಿಯ ಮೇಲೆ. ಮಾತಾಡೋದು ಒಬ್ಬರು ಮಾತ್ರ, ಮೂರ್ನಾಲ್ಕು ನಿಮಿಷ. ಆಟ ಐದು ನಿಮಿಷ. ಕೊನೆಗೆ ತಿಂಡಿ, ಈಗ ಬರಲಿ ನಿಮ್ಮ ಮಂಡಕ್ಕಿ. (ಪ್ರೈಮರಿ ಟೀಚರ್ ಕ್ಷಮಿಸಬೇಕು. ಚಾಪೆ ಹಾಸಿ ಕೂತರೆ ಗುಡಿಸೋದು ಸುಲಭ.) ಅವನಿಗೆ ಕಾರ ಹಾಕದೆ ಬೆಲ್ಲ, ಕಾಯಿತುರಿ ಕಲಸಿ ಕೊಡಿ. ಸರದಿ ನೆನಪಿರಲು ಕ್ಯಾಲೆಂಡರ್ ಹಿಂಬದಿ ರಟ್ಟಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಪ್ರತಿ ಕ್ಲಿಪ್ಪಿನ ಮೇಲೆ ಒಬ್ಬೊಬ್ಬರ ಹೆಸರು: ಹಾಡು, ಪ್ರಾರ್ಥನೆ, ಆಟ, ತಿಂಡಿ. ಓದು ಬರದ ಮಗುವಿಗೆ ಹೆಸರಿನ ಬದಲು ಫೋಟೋ.

ಅತ್ತೆಯವರಿಗೂ ಒಂದು ಕ್ಲಿಪ್ ಇರಲಿ, ತಿಂಡಿಯದ್ದಲ್ಲ, ಆಟದ್ದು. ಚೌಕಾಬಾರ, ಅಳಗುಳಿ ಮಣೆ ಅವರಿಗೆ ಗೊತ್ತಿರೋ ಆಟ, ಮೊಮ್ಮಗನಿಗೆ ಕಲಿಸಲಿ. ಪ್ರಾರ್ಥನೆ ಮಾಡಿ ಅಂತ ಅವರನ್ನು ಕರೆಯಬೇಡಿ. ತಾವಾಗಿ ಕೂತರೆ ಸಂತೋಷ, ಎದ್ದು ಹೋದರೂ ಸಂತೋಷ.

ವಾರದ ದಿನಗಳಿಗೆ ಕಮ್ ಫಾಲೋ ಮಿ (ವರ್ಷಕ್ಕೊಂದು ಗ್ರಂಥದಂತೆ ಚರ್ಚ್ ಕೊಡುವ ವಾರವಾರದ ಪಾಠ) ಓದು ಬೇರೆ ಇದೆಯಲ್ಲ, ಅದನ್ನು ಪೂರ್ತಿ ಮುಗಿಸಬೇಕು ಅಂತ ಹೊರಟರೆ ಬುಧವಾರಕ್ಕೇ ಸೋಲು. ವಾರದ ಭಾಗದಲ್ಲಿ ಒಂದೇ ಕಥೆ ಆರಿಸಿ, ದಿನಾ ರಾತ್ರಿ ಮಗ ಮಲಗುವ ಮುಂಚೆ ಎರಡು ಮೂರು ವಚನ. ಚರ್ಚಿನ ಗಾಸ್ಪೆಲ್ ಲೈಬ್ರರಿ ಆ್ಯಪ್‌ನಲ್ಲಿ ಆಡಿಯೋ ಮೊದಲೇ ಇಳಿಸಿಟ್ಟರೆ ಕರೆಂಟ್ ಹೋಗಿ ವೈಫೈ ನಿಂತಾಗಲೂ ನಡೆಯುತ್ತೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡದ್ದು ಏನಿದೆ ನೋಡಿ ಅದನ್ನೂ ಇಳಿಸಿಕೊಳ್ಳಿ. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆಯ ವರ್ಷಗಳಲ್ಲಿ ಬೈಬಲ್ ಸೊಸೈಟಿಯ ಕನ್ನಡ ಸತ್ಯವೇದವನ್ನೇ ಓದಿ, ಅತ್ತೆಗೂ ಕೇಳಿಸಿದರೆ ಅರ್ಥವಾಗುತ್ತೆ.

ದುರ್ಗದಕ್ಕ

ಒಂದು ಮಾತು ಬಿಟ್ಟಿದ್ದೆ ತಂಗಿ. ರಿಲೀಫ್ ಸೊಸೈಟಿಯವರು (ಚರ್ಚಿನ ಹೆಂಗಸರ ಸಂಘ) ನಿಮಗೆ ಮಿನಿಸ್ಟರಿಂಗ್ (ಒಬ್ಬ ಸಿಸ್ಟರಿನ ಯೋಗಕ್ಷೇಮ ನೋಡಿಕೊಳ್ಳೋದು) ಮಾಡಲು ಹೆಸರು ಕೊಟ್ಟಿದ್ದರೆ, ದೂರ ಇದ್ದೀನಿ ಅಂತ ಬಿಡಬೇಡಿ, ಮೇಲೆ ಹೇರಿಕೊಳ್ಳಲೂ ಬೇಡಿ. 2018ರಿಂದ ತಿಂಗಳಿಗೊಂದು ಭೇಟಿ ಅನ್ನೋ ಲೆಕ್ಕವೇ ಇಲ್ಲ. ಮಗಳು ಮಧ್ಯಾಹ್ನ ಮಲಗಿದಾಗ ಹತ್ತು ನಿಮಿಷದ ಫೋನ್ ಆಗುತ್ತೆ. ಮೂರು ತಿಂಗಳಿಗೊಮ್ಮೆ ಅಧ್ಯಕ್ಷೆಯವರ ಜೊತೆ ಮಾತು ಇರುತ್ತೆ. ಆಗ ಎಷ್ಟು ಸಲ ಮಾತಾಡಿದ್ರಿ ಅಂತ ಕೇಳಲ್ಲ, ಆ ಸಿಸ್ಟರಿಗೆ ಏನು ಬೇಕಾಗಿದೆ ಅಂತ ಕೇಳ್ತಾರೆ. ಅದನ್ನು ಒಂದು ಸಾಲು ಬರೆದಿಟ್ಟುಕೊಂಡಿದ್ದರೆ ಸಾಕು. ನಿಮಗೇ ಮಿನಿಸ್ಟರಿಂಗ್ ಸಿಸ್ಟರ್ ಯಾರು ಅಂತಲೂ ಕೇಳಿ. ಊರು ಬಿಟ್ಟವರ ಹೆಸರು ಹಳೇ ಪಟ್ಟಿಯಲ್ಲೇ ಉಳಿದು ಯಾರೂ ಫೋನ್ ಮಾಡದೆ ಹೋಗೋದುಂಟು.

ಹಳೇ ಪ್ರೈಮರಿ ಟೀಚರ್

ಮಂಡಕ್ಕಿಗೆ ಕ್ಷಮೆ ಇದೆ, ಚಾಪೆ ಇದ್ದರೆ ಮಾತ್ರ. ಒಂದು ತಿದ್ದುಪಡಿ: ಗೊಲ್ಯಾತನ ಗೆರೆ ಗೋಡೆ ಮೇಲೆ ಎಳೆಸಿ ಅಂದಿದ್ದೆ, ಬಾಡಿಗೆ ಮನೆಯಾದರೆ ಗೋಡೆ ಬಿಟ್ಟುಬಿಡಿ. ಹಳೇ ಪೇಪರ್ ಐದಾರು ಹಾಳೆ ಉದ್ದಕ್ಕೆ ಅಂಟಿಸಿ ಬಾಗಿಲಿಗೆ ನೇತುಹಾಕಿ, ಎತ್ತರ ಆರು ಮೊಳ ಮತ್ತು ಒಂದು ಗೇಣು. ಬಾಗಿಲಿಗಿಂತ ಉದ್ದವಾಗುತ್ತೆ, ಉಳಿದದ್ದನ್ನು ನೆಲದ ಮೇಲೆ ಹಾಸಿ, ಮಕ್ಕಳಿಗೆ ಅದೇ ಇಷ್ಟ.